ಮೇಜಿನಂಥ ವಾದ್ಯ

ವಾದ್ಯಗಳಿಗೂ ಒಂದು ಮೈಮಾಟವಿರುತ್ತದೆ. ವೀಣೆಯನ್ನು ನುಡಿಸದೆ ಸುಮ್ಮನೆ ಗೋಡೆಯ ಬದಿಗೆ ಇಟ್ಟಿದ್ದರೂ ನೋಡುವವರ ಕೈಗಳು ತಾವಾಗಿ ಜೋಡಿಕೊಳ್ಳುತ್ತವೆ. ಪಿಟೀಲಿನ ಸಣ್ಣ ನಡು, ಮೃದಂಗದ ಉಬ್ಬಿದ ಒಡಲು, ಕೊಳಲಿನ ನೀಳತೆ ಇವನ್ನು ಕಂಡ ಚಿತ್ರಕಾರನ ಕುಂಚ ಸುಮ್ಮನಿರಲಾರದು. ನಾನು ಈಗ ಹೇಳಹೊರಟಿರುವ ವಾದ್ಯಕ್ಕೆ ಈ ಭಾಗ್ಯವಿಲ್ಲ. ಲೋಹದ ನಾಲ್ಕು ಕಾಲುಗಳ ಮೇಲೆ ನಿಂತ ಒಂದು ಕಿರಿದಾದ ಹಲಗೆ. ಅದರ ಮೇಲೆ ಉದ್ದಕ್ಕೆ ಬಿಗಿದ ಹತ್ತು ತಂತಿಗಳು. ಕೆಳಗೆ ಅಡ್ಡಪಟ್ಟಿಯೊಂದಕ್ಕೆ ಜೋಡಿಸಿದ ಮೂರು ಮೆಟ್ಟುಗಳು. ಅವುಗಳಿಂದ ಹಲಗೆಯ ಹೊಟ್ಟೆಯೊಳಕ್ಕೆ ಏರಿಹೋದ ತೆಳುವಾದ ಸಲಾಕೆಗಳು. ದೂರದಿಂದ ನೋಡಿದವರು ಇದನ್ನು ಇಸ್ತ್ರಿಯ ಮೇಜೆಂದೋ ದರ್ಜಿಯ ಹೊಲಿಗೆಯಂತ್ರವೆಂದೋ ಭಾವಿಸಿದರೆ ಅವರನ್ನು ದೂರುವಂತಿಲ್ಲ. ಇದರ ಹೆಸರು ಪೆಡಲ್ ಸ್ಟೀಲ್ ಗಿಟಾರ್. ಹೆಸರಿನಲ್ಲಿ ಗಿಟಾರ್ ಇದ್ದರೂ ಇದನ್ನು ಎದೆಗೆ ಒರಗಿಸಿ ನುಡಿಸುವುದಿಲ್ಲ. ಇದರ ಮುಂದೆ ಪುಟ್ಟ ಪೀಠವೊಂದರ ಮೇಲೆ ಕುಳಿತು, ಎಲೆಯ ಮುಂದೆ ಊಟಕ್ಕೆ ಕುಳಿತವರಂತೆ ಬಾಗಿ ನುಡಿಸುತ್ತಾರೆ.

ಈ ವಾದ್ಯವನ್ನು ನಾನು ಕಣ್ಣಾರೆ ಕಾಣುವ ಮೊದಲು ಕಿವಿಯಾರೆ ಕೇಳಿದ್ದೆ. ೧೯೯೬ರಲ್ಲಿ ಉದ್ಯೋಗದ ನಿಮಿತ್ತ ಅಮೆರಿಕದ ಸೇಂಟ್ ಲೂಯಿಸ್ ನಗರಕ್ಕೆ ಹೋದ ನಾನು ಎರಡು ವರ್ಷ ಅಲ್ಲಿದ್ದೆ. ಮಿಸಿಸಿಪಿ ಮಹಾನದಿಯ ಪಶ್ಚಿಮ ದಡದಲ್ಲಿರುವ ಆ ಊರಿನ ಚಳಿಗಾಲ ನಮ್ಮವರಿಗೆ ಸುಲಭದ್ದಲ್ಲ. ಸಂಜೆ ಐದು ಗಂಟೆಗೇ ಕತ್ತಲಾಗುವುದು; ಹೊರಗೆ ಹೋಗೋಣವೆಂದರೆ ಗಾಳಿ ಕಿವಿಯನ್ನು ಕತ್ತರಿಸುವುದು. ಮನೆಯಲ್ಲಿ ಮಾತನಾಡಿಸುವವರಿಲ್ಲ. ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ಬಾನುಲಿಯೇ ನೆಂಟ. ಸ್ವಯಂಸೇವಕರು ನಡೆಸುತ್ತಿದ್ದ ಸಣ್ಣ ಕೇಂದ್ರವೊಂದು ಆ ಊರಿನಲ್ಲಿತ್ತು. ಅಲ್ಲಿ ಹಾಡು ಹಾಕುವವರು ಸಂಬಳದವರಲ್ಲ. ತಮಗೆ ಪ್ರಿಯವಾದುದನ್ನು ನಾಲ್ಕು ಜನರಿಗೆ ಕೇಳಿಸಬೇಕೆಂಬ ಆಸೆಯವರು. ಒಂದು ರಾತ್ರಿ ಅವರಲ್ಲೊಬ್ಬರು ಹಾಕಿದ ಹಾಡಿನಲ್ಲಿ ಗಾಯಕನ ದನಿ ಒಂದು ಸಾಲನ್ನು ಮುಗಿಸಿ ನಿಂತಿತು. ಅದು ನಿಂತೆಡೆಯಲ್ಲಿ ಮತ್ತೊಂದು ದನಿ ಎದ್ದಿತು. ಅದು ಪಿಟೀಲಲ್ಲ, ಮನುಷ್ಯಕಂಠವೂ ಅಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ನೆಗೆಯದೆ, ಎಲೆಯ ಮೇಲಿನ ಹನಿಯಂತೆ ಜಾರುತ್ತಿತ್ತು. ಗಮಕಗಳನ್ನು ಕೇಳಿ ಬೆಳೆದ ಕಿವಿಗೆ ಆ ಜಾರು ಪರಕೀಯವೆನಿಸಲಿಲ್ಲ. ನನ್ನನ್ನು ಬೆರಗುಗೊಳಿಸಿದ್ದು ಬೇರೊಂದು ಸಂಗತಿ. ಮೂರು ಸ್ವರಗಳು ಒಟ್ಟಿಗೆ ಮೊಳಗುತ್ತಿದ್ದವು. ಅವುಗಳಲ್ಲಿ ಒಂದು ಇದ್ದಲ್ಲಿಯೇ ಉಳಿದು, ಇನ್ನೆರಡು ಮೆಲ್ಲನೆ ಮೇಲೇರಿದವು. ಜಗಲಿಯಲ್ಲಿ ಕುಳಿತ ಮೂವರಲ್ಲಿ ಇಬ್ಬರು ಸದ್ದಿಲ್ಲದೆ ಎದ್ದು ಮಹಡಿಗೆ ಹೋದಂತೆ! ಯಾವ ತಂತಿವಾದ್ಯ ಇದನ್ನು ಮಾಡೀತು? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಹಾಡು ಮುಗಿದ ಮೇಲೆ ಹೆಸರುಗಳನ್ನು ಹೇಳಿದರು. ತಂಡ ಸನ್ ವೋಲ್ಟ್; ೧೯೯೫ರಲ್ಲಿ ಹೊರಬಂದ ‘ಟ್ರೇಸ್’ ಎಂಬುದು ಅದರ ಮೊದಲನೆಯ ಧ್ವನಿಮುದ್ರಿಕೆ. ಹಾಡಿದವನು ಜೇ ಫರಾರ್, ಆ ವಿಚಿತ್ರ ವಾದ್ಯವನ್ನು ನುಡಿಸಿದವನು ಎರಿಕ್ ಹೇವುಡ್. ಹಾಡಿನಲ್ಲಿ ಸೇಂಟ್ ಜೆನೆವೀವ್ ಎಂಬ ಊರಿನ ಹೆಸರು ಬರುತ್ತದೆ. ಅದು ಸೇಂಟ್ ಲೂಯಿಸಿನಿಂದ ಕೆಳಕ್ಕೆ, ಅದೇ ನದಿಯ ದಡದಲ್ಲಿ, ಫ್ರೆಂಚ್ ವಲಸೆಗಾರರು ಕಟ್ಟಿದ ಹಳೆಯ ಊರು. ೧೯೯೩ರ ಬೇಸಗೆಯಲ್ಲಿ ಮಿಸಿಸಿಪಿ ಉಕ್ಕಿ ಹರಿದಾಗ ಜನರು ಹಗಲಿರುಳೂ ಮರಳಿನ ಚೀಲಗಳನ್ನು ಒಟ್ಟಿ ಅಲ್ಲಿಯ ಹಳೆಯ ಮನೆಗಳನ್ನು ಕಾಪಾಡಲು ಹೆಣಗಿದ್ದರು. ನನ್ನ ಕಚೇರಿಯಲ್ಲಿ ಆ ಪ್ರವಾಹವನ್ನು ಕಂಡವರು ಹಲವರಿದ್ದರು. ನೆರೆಯ ಮಾತು ಬಂದರೆ ಅವರ ಮುಖ ಗಂಭೀರವಾಗುತ್ತಿತ್ತು. ಹಾಗಾಗಿ ಆ ಜಾರುವ ಸ್ವರ ನನಗೆ ಮೊದಲಿನಿಂದಲೂ ಏರುವ ನೀರಿನೊಡನೆ ಸೇರಿಕೊಂಡಿದೆ.

ಮರುದಿನವೇ ಮುದ್ರಿಕೆಗಳನ್ನು ಮಾರುವ ಸಣ್ಣ ಅಂಗಡಿಯೊಂದನ್ನು ಹುಡುಕಿಕೊಂಡು ಹೋದೆ. ಕೌಂಟರಿನ ಹಿಂದಿದ್ದ ಯುವಕ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಕಂಟ್ರಿ ಸಂಗೀತವನ್ನು ಕೇಳಿಕೊಂಡು ಭಾರತೀಯನೊಬ್ಬ ಆ ಬಾಗಿಲಿಗೆ ಬಂದದ್ದು ಬಹುಶಃ ಅದೇ ಮೊದಲು. ಆದರೆ ಸಂಗೀತದ ಹುಚ್ಚಿರುವವರಿಗೆ ಅಪರಿಚಿತರೆಂಬುವರಿಲ್ಲ. ಐದು ನಿಮಿಷದೊಳಗೆ ಆತ ನನ್ನ ಗುರುವಾದ. “ಇದನ್ನು ಕೇಳಬೇಕಾದರೆ ಅದನ್ನು ಮೊದಲು ಕೇಳಬೇಕು” ಎಂದು ಅಂಕಲ್ ಟುಪೆಲೊ ಎಂಬ ತಂಡದ ‘ನೋ ಡಿಪ್ರೆಶನ್’ ಎಂಬ ಮುದ್ರಿಕೆಯನ್ನು ಕೈಗಿತ್ತ.

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ಕಂಟ್ರಿ ಎಂಬುದು ಅಮೆರಿಕದ ದಕ್ಷಿಣ ಸೀಮೆಯ ಹಳ್ಳಿಗಾಡಿನಲ್ಲಿ ಹುಟ್ಟಿದ ಸಂಗೀತ. ಐರೋಪ್ಯ ವಲಸೆಗಾರರು ತಂದ ಪಿಟೀಲು, ಆಫ್ರಿಕದಿಂದ ಗುಲಾಮರಾಗಿ ಬಂದವರ ನೆನಪಿನಲ್ಲಿ ಉಳಿದುಬಂದ ಬ್ಯಾಂಜೊ, ಚರ್ಚಿನ ಪ್ರಾರ್ಥನೆ, ಗಣಿಯ ಮತ್ತು ರೈಲಿನ ಕಥೆ ಇವೆಲ್ಲ ಅದರಲ್ಲಿ ಬೆರೆತಿವೆ. ಟೆನೆಸಿ ರಾಜ್ಯದ ನ್ಯಾಶ್‌ವಿಲ್ ಅದರ ರಾಜಧಾನಿ. ರಾಜಧಾನಿಯೆಂದ ಮೇಲೆ ಆಸ್ಥಾನದ ಶಿಷ್ಟಾಚಾರ ಬಂದೇ ಬರುತ್ತದೆ. ೧೯೬೦ರ ದಶಕದಲ್ಲಿ ನಗರದ ಶ್ರೋತೃಗಳನ್ನು ಒಲಿಸಿಕೊಳ್ಳುವ ಸಲುವಾಗಿ ಅನೇಕ ಹಾಡುಗಳಿಂದ ಹಳ್ಳಿಯ ಪಿಟೀಲನ್ನೂ ಸ್ಟೀಲ್ ಗಿಟಾರನ್ನೂ ಹಿಂದಕ್ಕೆ ತಳ್ಳಿ, ಅವುಗಳ ಜಾಗದಲ್ಲಿ ವಾದ್ಯವೃಂದದ ನಯವಾದ ತಂತಿನಾದವನ್ನೂ ಮೇಳಗಾಯನವನ್ನೂ ತಂದರು. ವ್ಯಾಪಾರ ಬೆಳೆಯಿತು. ಹಾಡಿನ ಅಂಗಿ ಇಸ್ತ್ರಿಯಾಯಿತು. ಅದರೊಳಗಿನ ಬೆವರಿನ ವಾಸನೆ ಹೋಯಿತು.

ಅಂಕಲ್ ಟುಪೆಲೊ ತಂಡದವರು ನ್ಯಾಶ್‌ವಿಲ್ಲಿನವರಲ್ಲ. ಸೇಂಟ್ ಲೂಯಿಸಿನ ಆಚೆ ದಡದಲ್ಲಿ, ಇಲಿನಾಯ್ ರಾಜ್ಯದಲ್ಲಿ, ಬೆಲ್‌ವಿಲ್ ಎಂಬ ಊರಿದೆ. ಕಲ್ಲಿದ್ದಲಿನ ಗಣಿಗಳೂ ಒಲೆಗಳನ್ನು ಎರಕ ಹೊಯ್ಯುವ ಕಾರ್ಖಾನೆಗಳೂ ಒಂದು ಕಾಲಕ್ಕೆ ಅದನ್ನು ಸಾಕಿದ್ದವು. ಜೇ ಫರಾರ್, ಜೆಫ್ ಟ್ವೀಡಿ, ಮೈಕ್ ಹೈಡಾರ್ನ್ ಎಂಬ ಮೂವರು ಅಲ್ಲಿಯ ಪ್ರೌಢಶಾಲೆಯ ದಿನಗಳ ಗೆಳೆಯರು. ನಿಮ್ಮಷ್ಟೇ ವಯಸ್ಸಿನಲ್ಲಿ ಅವರು ಪಂಕ್ ಎಂಬ ಅಬ್ಬರದ ಸಂಗೀತಕ್ಕೆ ಮನಸೋತಿದ್ದರು. ಆದರೆ ಮನೆಯ ಹಿರಿಯರ ಹಳೆಯ ಹಾಡುಗಳೂ ಅವರ ಕಿವಿಯಲ್ಲಿದ್ದವು. ಎರಡನ್ನೂ ಬಿಡಲೊಲ್ಲದೆ ಒಂದೇ ಪಾತ್ರೆಯಲ್ಲಿ ಬೇಯಿಸಿದರು. ೧೯೯೦ರ ಆರಂಭದಲ್ಲಿ ಬಾಸ್ಟನ್ ನಗರಕ್ಕೆ ಹೋಗಿ, ಹತ್ತು ದಿನಗಳಷ್ಟರಲ್ಲಿ ‘ನೋ ಡಿಪ್ರೆಶನ್’ ಅನ್ನು ಮುದ್ರಿಸಿದರು. ಅದನ್ನು ಹೊರತಂದದ್ದು ಒಂದು ಸಣ್ಣ ಸ್ವತಂತ್ರ ಸಂಸ್ಥೆ. ಮುದ್ರಿಕೆಯ ಹೆಸರು ಕಾರ್ಟರ್ ಕುಟುಂಬದವರು ೧೯೩೬ರಲ್ಲಿ ಮುದ್ರಿಸಿದ್ದ ಹಾಡಿನಿಂದ ಬಂದದ್ದು. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಹಸಿದವರು ಹಾಡಿಕೊಂಡ ಹಾಡು ಅದು. ಇಪ್ಪತ್ತರ ಹರೆಯದ ಹುಡುಗರು ಅದನ್ನು ಹಾಡಿದಾಗ ಹಳೆಯ ವಸ್ತುಸಂಗ್ರಹಾಲಯದ ಧೂಳು ಕಾಣಲಿಲ್ಲ. ಮುಚ್ಚಿದ ಕಾರ್ಖಾನೆಯ ಬಾಗಿಲು ಕಂಡಿತು. ಪೆಡಲ್ ಸ್ಟೀಲ್ ಆ ಮುದ್ರಿಕೆಯಲ್ಲಿ ಅಲ್ಲಲ್ಲಿ ಮಾತ್ರ ಇಣುಕುತ್ತದೆ. ೧೯೯೩ರ ‘ಅನೊಡೈನ್’ ಎಂಬ ಮುದ್ರಿಕೆಯಲ್ಲಿ ಟೆಕ್ಸಸ್ಸಿನ ಹಿರಿಯ ವಾದಕ ಲಾಯ್ಡ್ ಮೇನ್ಸ್ ಅವರೊಡನೆ ಕುಳಿತು ಅದನ್ನು ನುಡಿಸಿದ್ದಾನೆ. ೧೯೯೪ರಲ್ಲಿ ತಂಡ ಒಡೆಯಿತು. ಫರಾರ್ ಸನ್ ವೋಲ್ಟ್ ಕಟ್ಟಿದ. ಟ್ವೀಡಿ ವಿಲ್ಕೊ ಕಟ್ಟಿದ. ಮನೆ ಎರಡಾದರೂ ಬಾವಿ ಒಂದೇ ಎಂಬಂತೆ ವಿಲ್ಕೊದ ಮೊದಲ ಮುದ್ರಿಕೆಯಲ್ಲಿಯೂ ಮೇನ್ಸನ ಸ್ಟೀಲ್ ಕೇಳಿಬರುತ್ತದೆ.

ಈ ಬಗೆಯ ಸಂಗೀತಕ್ಕೆ ಪರ್ಯಾಯ ಕಂಟ್ರಿ ಎಂಬ ಹೆಸರು ಬಿದ್ದಿತು. ೧೯೯೫ರಲ್ಲಿ ಆರಂಭವಾದ ಪತ್ರಿಕೆಯೊಂದು ‘ನೋ ಡಿಪ್ರೆಶನ್’ ಎಂಬ ಹೆಸರನ್ನೇ ತಾಳಿತು. ಹೆಸರಿಡುವವರ ಚಪಲಕ್ಕೆ ಕೊನೆಯಿಲ್ಲ. ಹಾಡುವವರಲ್ಲಿ ಹಲವರಿಗೆ ಆ ಹೆಸರೇ ಹಿಡಿಸಲಿಲ್ಲ. ಇನ್ನೊಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ನಾನು ಮೊದಲು ಕೇಳಿದ ‘ಟ್ರೇಸ್’ ಬಂದದ್ದು ದೊಡ್ಡ ಕಂಪನಿಯಿಂದಲೇ. ನಿಜವಾಗಿ ಸ್ವತಂತ್ರವಾಗಿದ್ದವರು ಬೇರೆ. ಶಿಕಾಗೋ ನಗರದ ಬ್ಲಡ್‌ಶಾಟ್ ಎಂಬ ಪುಟ್ಟ ಸಂಸ್ಥೆ ೧೯೯೪ರಲ್ಲಿ ತನ್ನ ಮೊದಲ ಸಂಕಲನವನ್ನು ಹೊರತಂದಿತು. ದೂರದ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿ ರಿಚ್ಮಂಡ್ ಫಾಂಟೇನ್ ಎಂಬ ತಂಡವಿತ್ತು. ಅದಕ್ಕೆ ಹಾಡು ಬರೆಯುತ್ತಿದ್ದ ವಿಲ್ಲಿ ವ್ಲಾಟಿನ್ ಮುಂದೆ ಕಾದಂಬರಿಕಾರನಾದ. ಬಡ ವಸತಿಗೃಹಗಳ, ಕೆಲಸ ಕಳೆದುಕೊಂಡ ಅಣ್ಣತಮ್ಮಂದಿರ ಕಥೆಗಳನ್ನು ಆತ ಹೇಳುವಾಗ, ಹಿಂದೆ ಪಾಲ್ ಬ್ರೇನಾರ್ಡನ ಪೆಡಲ್ ಸ್ಟೀಲ್ ಅವನು ಬಿಟ್ಟ ಮಾತುಗಳನ್ನು ಹೇಳುತ್ತದೆ. ಇಂಥವರು ಒಂದು ಹಳೆಯ ವ್ಯಾನಿನಲ್ಲಿ ವಾದ್ಯಗಳನ್ನೂ ತಮ್ಮನ್ನೂ ತುಂಬಿಕೊಂಡು ಊರೂರು ಅಲೆಯುತ್ತಿದ್ದರು. ನಮ್ಮ ಬಯಲಾಟದ ಮೇಳಗಳ ತಿರುಗಾಟವನ್ನು ಬಲ್ಲವರಿಗೆ ಆ ಬಾಳನ್ನು ವಿವರಿಸಬೇಕಾಗಿಲ್ಲ.

ಇನ್ನು ವಾದ್ಯದ ಮಾತು. ಅದರ ಮೂಲ ಅಮೆರಿಕದ ನೆಲದಲ್ಲಿಲ್ಲ, ಪೆಸಿಫಿಕ್ ಸಾಗರದ ನಡುವಣ ಹವಾಯಿ ದ್ವೀಪಗಳಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜೋಸೆಫ್ ಕೆಕುಕು ಎಂಬ ಅಲ್ಲಿಯ ಹುಡುಗ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ಕ್ರಮವನ್ನು ರೂಢಿಗೆ ತಂದನೆಂದು ಹೇಳುತ್ತಾರೆ. ೧೯೧೫ರಲ್ಲಿ ಸಾನ್‌ಫ್ರಾನ್ಸಿಸ್ಕೋದಲ್ಲಿ ನಡೆದ ಮಹಾ ವಸ್ತುಪ್ರದರ್ಶನದಿಂದ ಹವಾಯಿಯ ಸಂಗೀತಕ್ಕೆ ಅಮೆರಿಕದಲ್ಲೆಲ್ಲ ಹುಚ್ಚು ಹಿಡಿಯಿತು. ಆ ಅಲೆ ಕಲ್ಕತ್ತೆಯನ್ನೂ ಮುಟ್ಟಿತು. ಅದೇ ಗಿಟಾರನ್ನು ಮುಂದೆ ಬ್ರಿಜಭೂಷಣ ಕಾಬ್ರಾ ಹಿಂದುಸ್ತಾನಿ ರಾಗಗಳಿಗೆ ಒಗ್ಗಿಸಿದರು. ವಿಶ್ವಮೋಹನ ಭಟ್ಟರು ಅದಕ್ಕೆ ಮೋಹನವೀಣೆಯ ರೂಪ ಕೊಟ್ಟರು. ನಮ್ಮ ಕರ್ನಾಟಕ ಸಂಗೀತದಲ್ಲಿಯೂ ಮರದ ಕೊರಡನ್ನು ತಂತಿಯ ಮೇಲೆ ಜಾರಿಸಿ ನುಡಿಸುವ ಗೋಟುವಾದ್ಯ ಉಂಟಷ್ಟೆ.

ಆದರೆ ಜಾರಿಸುವ ವಾದ್ಯಕ್ಕೆ ಒಂದು ಮಿತಿಯಿದೆ. ಉಕ್ಕಿನ ತುಂಡನ್ನು ಸರಿಸಿದರೆ ಅದರ ಕೆಳಗಿನ ತಂತಿಗಳೆಲ್ಲ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ನಮಗೆ ಒಂದೇ ಸ್ವರದ ಸಂಚಾರ ಸಾಕಾದ್ದರಿಂದ ಇದು ತೊಡಕಲ್ಲ. ಹಲವು ಸ್ವರಗಳನ್ನು ಏಕಕಾಲದಲ್ಲಿ ನುಡಿಸುವ ಪಾಶ್ಚಾತ್ಯರಿಗೆ ಇದು ಸೆರೆಮನೆ. ಅದರ ಬೀಗವನ್ನು ತೆರೆದದ್ದು ಕಾಲು. ಎ ಎಂಬ ಮೆಟ್ಟನ್ನು ಒತ್ತಿದರೆ ಸಲಾಕೆಯು ಐದನೆಯ ಮತ್ತು ಹತ್ತನೆಯ ತಂತಿಗಳನ್ನು ಮಾತ್ರ ಎಳೆದು ಬಿಗಿ ಮಾಡುತ್ತದೆ; ಬಿ ಎಂಬ ಮೆಟ್ಟು ಮೂರನೆಯ ಮತ್ತು ಆರನೆಯ ತಂತಿಗಳನ್ನು ಬಿಗಿಯುತ್ತದೆ. ನಮ್ಮ ಸ್ವರಗಳಲ್ಲಿ ಹೇಳುವುದಾದರೆ, ಷಡ್ಜ, ಅಂತರ ಗಾಂಧಾರ, ಪಂಚಮ ಮೂರೂ ಮೊಳಗುತ್ತಿರುವಾಗ ಎರಡು ಮೆಟ್ಟುಗಳನ್ನೂ ಒತ್ತಿದರೆ ಷಡ್ಜ ನಿಂತಲ್ಲಿಯೇ ನಿಲ್ಲುತ್ತದೆ. ಗಾಂಧಾರ ಶುದ್ಧ ಮಧ್ಯಮಕ್ಕೆ ಏರುತ್ತದೆ, ಪಂಚಮ ಚತುಶ್ರುತಿ ಧೈವತಕ್ಕೆ ಏರುತ್ತದೆ. ಆ ಚಳಿಯ ರಾತ್ರಿ ಮಹಡಿಗೆ ಹೋದ ಇಬ್ಬರು ಇವರೇ!

ಮೆಟ್ಟುಗಳಿದ್ದ ವಾದ್ಯಗಳು ಮೊದಲೇ ಇದ್ದವು. ಆದರೆ ತಂತಿ ಮೊಳಗುತ್ತಿರುವಾಗಲೇ ಮೆಟ್ಟನ್ನು ಒತ್ತಿ, ಸ್ವರ ಏರುವುದನ್ನು ಎಲ್ಲರಿಗೂ ಕೇಳಿಸಿದವನು ಬಡ್ ಐಸಾಕ್ಸ್. ವೆಬ್ ಪಿಯರ್ಸ್ ಹಾಡಿದ ‘ಸ್ಲೋಲಿ’ ಎಂಬ ಹಾಡು ೧೯೫೪ರಲ್ಲಿ ಬಾನುಲಿಯಲ್ಲಿ ಬಂದೊಡನೆ ದೇಶದ ಸ್ಟೀಲ್ ವಾದಕರೆಲ್ಲ ತಮ್ಮ ತಮ್ಮ ವಾದ್ಯಗಳಿಗೆ ಮೆಟ್ಟು ಕಟ್ಟಲು ಹೊರಟರು. ಬಳಿಕ ಬಂದ ಬಡ್ಡಿ ಎಮನ್ಸ್ ಮೆಟ್ಟುಗಳ ಕೆಲಸವನ್ನು ಬಿಡಿಸಿ, ಇನ್ನೆರಡು ತಂತಿಗಳನ್ನು ಸೇರಿಸಿ, ವಾದ್ಯಕ್ಕೆ ಇಂದಿನ ರೂಪವನ್ನು ಕೊಟ್ಟ. ೨೦೧೫ರಲ್ಲಿ ಆತ ತೀರಿಕೊಳ್ಳುವವರೆಗೂ ವಾದಕರಿಗೆಲ್ಲ ಅವನೇ ಅಳತೆಗೋಲು.

ಇದನ್ನೆಲ್ಲ ನಾನು ಪುಸ್ತಕದಿಂದ ಕಲಿತುದಕ್ಕಿಂತ ಒಬ್ಬ ಮುದುಕರಿಂದ ಕಲಿತದ್ದೇ ಹೆಚ್ಚು. ಅಂಗಡಿಯ ಯುವಕನೇ ನನ್ನನ್ನು ಅವರಲ್ಲಿಗೆ ಕರೆದೊಯ್ದ. ನಗರದ ದಕ್ಷಿಣ ಭಾಗದ ಹಳೆಯ ಪಾನಗೃಹವೊಂದರಲ್ಲಿ ಶುಕ್ರವಾರದ ರಾತ್ರಿ ಎಳೆಯರ ತಂಡವೊಂದು ಹಾಡುತ್ತಿತ್ತು. ತಂಡದ ನಾಲ್ವರಿಗೆ ಇಪ್ಪತ್ತರ ಆಸುಪಾಸು. ಮೂಲೆಯಲ್ಲಿ ಸ್ಟೀಲಿನ ಮುಂದೆ ಬಾಗಿ ಕುಳಿತವರಿಗೆ ಅರವತ್ತೆಂಟು. ಮೂವತ್ತು ವರ್ಷ ಹಗಲು ರೈಲ್ವೆಯ ಕಮ್ಮಟದಲ್ಲಿ ದುಡಿದು, ರಾತ್ರಿ ವಾದ್ಯ ನುಡಿಸಿದವರು. ನಡುವೆ ಹತ್ತು ವರ್ಷ ಅವರನ್ನು ಯಾರೂ ಕರೆದಿರಲಿಲ್ಲವಂತೆ. ಆ ಹುಡುಗರು ವಿಳಾಸ ವಿಚಾರಿಸಿಕೊಂಡು ಮನೆಗೆ ಬಂದಾಗ, ವಾದ್ಯದ ಪೆಟ್ಟಿಗೆಯ ಮೇಲೆ ಹೂವಿನ ಕುಂಡಗಳಿದ್ದವು ಎಂದು ಅವರೇ ನಕ್ಕು ಹೇಳಿದರು. ಬಾಗಿಲಿನಲ್ಲಿ ಸಂಗ್ರಹವಾದ ಹಣವನ್ನು ತಂಡದವರು ಐದು ಸಮಪಾಲು ಮಾಡುತ್ತಿದ್ದರು. ಹಿರಿಯರೆಂದು ಅವರಿಗೆ ಹೆಚ್ಚು ಕೊಡಲು ಹೋದರೆ ಅವರು ಒಪ್ಪುತ್ತಿರಲಿಲ್ಲ.

ಒಂದು ಭಾನುವಾರ ಅವರ ಮನೆಗೆ ಹೋದಾಗ ನನ್ನನ್ನು ವಾದ್ಯದ ಮುಂದೆ ಕೂರಿಸಿದರು. ಎಡಗೈಗೆ ಉಕ್ಕಿನ ದುಂಡು ತುಂಡನ್ನು ಕೊಟ್ಟರು. ಅಂಗೈಗೆ ತಣ್ಣಗೆ, ನಿರೀಕ್ಷಿಸಿದುದಕ್ಕಿಂತ ಭಾರವಾಗಿತ್ತು. ಬಲಗೈಯ ಹೆಬ್ಬೆರಳಿಗೂ ಎರಡು ಬೆರಳುಗಳಿಗೂ ನಖಿಗಳು. ಎಡಪಾದ ಮೆಟ್ಟುಗಳ ಮೇಲೆ, ಬಲಪಾದ ಧ್ವನಿಯನ್ನು ಏರಿಸಿ ಇಳಿಸುವ ಇನ್ನೊಂದು ಮೆಟ್ಟಿನ ಮೇಲೆ. ಇಷ್ಟು ಸಾಲದೆಂದು ಎರಡು ಮೊಣಕಾಲುಗಳ ಬದಿಗೂ ಸನ್ನೆಗಳು. ಮೊಣಕಾಲನ್ನು ಎಡಕ್ಕೋ ಬಲಕ್ಕೋ ತಳ್ಳಿದರೆ ಮತ್ತೆ ಬೇರೆ ತಂತಿಗಳು ಏರಿಳಿಯುತ್ತವೆ. ಅಷ್ಟಾವಧಾನಿಗಳ ಕಥೆಯನ್ನು ನಾವು ಕೇಳಿದ್ದೇವೆ. ಇಲ್ಲಿ ಅವಧಾನವೆಲ್ಲ ಸೊಂಟದ ಕೆಳಗೂ ಹಂಚಿಹೋಗಿದೆ. ಹಲಗೆಯ ಮೇಲೆ ಮೆಟ್ಟಿಲುಗಳಿಲ್ಲ, ಬರೆದ ಗೆರೆಗಳು ಮಾತ್ರ. ಗೆರೆ ದಾರಿ ತೋರಿಸೀತೇ ಹೊರತು ಶ್ರುತಿಯನ್ನು ಹಿಡಿಯಬೇಕಾದುದು ಕಿವಿಯೇ.

“ಬಲಪಾದವನ್ನು ಮರೆಯಬೇಡಿ. ಉಸಿರಾಡುವುದು ಅದೇ” ಎಂದರು ಆ ಹಿರಿಯರು. ಅದರ ಅರ್ಥವನ್ನು ನುಡಿಸಿ ತೋರಿಸಿದರು. ಮೀಟಿದ ತಂತಿಯ ನಾದ ಕ್ಷಣಕ್ಷಣಕ್ಕೂ ಕುಗ್ಗುತ್ತದೆ. ಅದು ತಂತಿಯ ಸ್ವಭಾವ. ವಾದಕನು ಮೀಟುವಾಗ ಧ್ವನಿಯನ್ನು ತಗ್ಗಿಸಿಟ್ಟು, ನಾದ ಕುಗ್ಗಿದಷ್ಟೂ ಬಲಪಾದವನ್ನು ಮೆಲ್ಲನೆ ಒತ್ತುತ್ತ ಹೋಗುತ್ತಾನೆ. ತಂತಿ ಸಾಯುತ್ತಿದ್ದರೂ ಕೇಳುವವನಿಗೆ ನಾದ ಬಾಳುತ್ತಲೇ ಇರುತ್ತದೆ. ಈ ವಾದ್ಯ ಅಳುತ್ತದೆ ಎಂದು ಜನ ಹೇಳುತ್ತಾರೆ. ಅಳು ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಅಳುವವರಿಗೆ ದನಿಯ ಮೇಲೆ ಹಿಡಿತವಿರುವುದಿಲ್ಲ. ಇಲ್ಲಿಯೋ ಹಿಡಿತವೇ ಎಲ್ಲ.

ಆ ವೇಳೆಗೆ ಅವರ ಎಡ ಮೊಣಕಾಲು ಕೈಕೊಟ್ಟಿತ್ತು. ಶಸ್ತ್ರಚಿಕಿತ್ಸೆಯಾದ ಮೇಲೆ ಸನ್ನೆಯನ್ನು ಎಡಕ್ಕೆ ತಳ್ಳಲು ಆಗುತ್ತಿರಲಿಲ್ಲ. ವಾದ್ಯವನ್ನು ತಲೆಕೆಳಗು ಮಾಡಿ, ಸಲಾಕೆಗಳನ್ನು ಬಿಚ್ಚಿ, ಎಡ ಮೊಣಕಾಲಿನ ಕೆಲಸವನ್ನು ಬಲ ಮೊಣಕಾಲಿಗೆ ವರ್ಗಾಯಿಸಿಕೊಂಡಿದ್ದರು. ನಲವತ್ತು ವರ್ಷದ ಅಭ್ಯಾಸವನ್ನು ಕಾಲು ಹೊಸದಾಗಿ ಕಲಿಯಬೇಕಾಯಿತು. ಒಂದು ವರ್ಷ ನುಡಿಸಿದರು. ಮರುವರ್ಷ ಬಲ ಮೊಣಕಾಲೂ ಊದಿಕೊಂಡಿತು. ಶಿಷ್ಯರೆಂಬುವರು ಅವರಿಗೆ ಇರಲಿಲ್ಲ. ಮೂರು ತಿಂಗಳಲ್ಲಿ ಸಾಮಾನ್ಯ ಗಿಟಾರನ್ನು ಕಲಿತು ವೇದಿಕೆ ಹತ್ತಬಹುದಾಗಿರುವಾಗ, ಮೂರು ವರ್ಷ ದುಡಿದರೂ ಶ್ರುತಿ ನಿಲ್ಲದ ಈ ಮೇಜಿನ ಮುಂದೆ ಕೂರುವವರು ಯಾರು? ಒಂದು ದಿನ ನನ್ನೊಡನೆ, “ಇದನ್ನು ಮಾರಿಬಿಡಬಹುದು. ಆದರೆ ಕೊಂಡವರು ಇದನ್ನು ಬೈಠಕಖಾನೆಯಲ್ಲಿ ಅಲಂಕಾರಕ್ಕೆ ಇಟ್ಟುಕೊಂಡಾರೆಂದು ಹೆದರಿಕೆ” ಎಂದರು. ಅವರ ದನಿಯಲ್ಲಿ ಭಯ ಕಂಡದ್ದು ಆಗ ಮಾತ್ರ.

ಕೊನೆಗೆ ಕೇಳಿಕೊಂಡು ಬಂದವನು ತಂಡದ ಹುಡುಗರಲ್ಲೇ ಕಿರಿಯವನು. ದಿನಸಿ ಅಂಗಡಿಯಲ್ಲಿ ಪೆಟ್ಟಿಗೆಗಳನ್ನು ಹೊರುವುದು ಅವನ ಕೆಲಸ. ತಿಂಗಳಿಗೆ ಇಷ್ಟೆಂದು ಕಂತು ಗೊತ್ತಾಯಿತು. ಮುದುಕರು ಒಂದು ಕರಾರು ಹಾಕಿದರು: ಪ್ರತಿ ಕಂತನ್ನೂ ತಂದು ಕೊಡುವ ದಿನ ಅವನು ಎರಡು ಗಂಟೆ ಅವರ ಮುಂದೆ ನುಡಿಸಬೇಕು. ಇಪ್ಪತ್ತು ಕಿಲೋಗೂ ಮೀರಿದ ಆ ಪೆಟ್ಟಿಗೆಯನ್ನು ಹುಡುಗ ಮೆಟ್ಟಿಲಿಳಿಸಿದಾಗ ಒಂದು ತುದಿಯನ್ನು ನಾನು ಹಿಡಿದಿದ್ದೆ. ಮುದುಕರು ಕಿಟಕಿಯ ಬಳಿ ನಿಂತಿದ್ದರು, ಹೊರಗೆ ಬರಲಿಲ್ಲ.

ಪಾಶ್ಚಾತ್ಯ ದೇಶದಲ್ಲಿ ಈ ವಾದ್ಯ ಕಂಟ್ರಿಯ ಅಂಗಳದಲ್ಲಿಯೇ ಉಳಿದಿಲ್ಲ. ಕರಿಯರ ಕೆಲವು ಚರ್ಚುಗಳಲ್ಲಿ ೧೯೩೦ರ ದಶಕದಿಂದಲೂ ಸ್ಟೀಲ್ ಗಿಟಾರ್ ಪ್ರಾರ್ಥನೆಗೆ ದನಿಗೂಡಿಸುತ್ತ ಬಂದಿದೆ. ಟೆಕ್ಸಸ್ಸಿನ ಕಂಟ್ರಿ ತಂಡಗಳಲ್ಲಿ ನುಡಿಸಿ ಪಳಗಿದ ಸೂಸನ್ ಆಲ್ಕಾರ್ನ್ ಎಂಬಾಕೆ ಅದನ್ನು ಯಾವ ಚೌಕಟ್ಟಿಗೂ ಸಿಕ್ಕದ ಮನೋಧರ್ಮ ಸಂಗೀತಕ್ಕೆ ಒಯ್ದಳು. ೨೦೨೫ರಲ್ಲಿ ಆಕೆ ತೀರಿಕೊಂಡಳು. ಅವಳ ಮುದ್ರಿಕೆಗಳನ್ನು ಕೇಳಿದಾಗ ಆ ಮೂರು ಮೆಟ್ಟುಗಳಿಗೆ ಇನ್ನೂ ಎಷ್ಟು ಕೋಣೆಗಳ ಬೀಗ ಗೊತ್ತಿದೆಯೋ ಎನಿಸುತ್ತದೆ.

ನಾನು ಭಾರತಕ್ಕೆ ಮರಳುವ ಮುನ್ನ, ೧೯೯೮ರಲ್ಲಿ, ಹುಡುಗ ಮೊದಲ ಬಾರಿಗೆ ಸಭೆಯ ಮುಂದೆ ಸ್ಟೀಲ್ ನುಡಿಸಿದ. ನಾನೂ ಮುದುಕರೂ ಹಿಂದಿನ ಸಾಲಿನ ಮೇಜೊಂದರಲ್ಲಿ ಕುಳಿತಿದ್ದೆವು. ಹುಡುಗ ಹೆದರಿದ್ದ, ಮೊದಲೆರಡು ಹಾಡುಗಳಲ್ಲಿ ಉಕ್ಕಿನ ತುಂಡು ಗೆರೆ ದಾಟಿ ಹೋಗಿ ಮತ್ತೆ ಹಿಂದಕ್ಕೆ ಬರುತ್ತಿತ್ತು. ಮೂರನೆಯದು ನಿಧಾನದ ಹಾಡು. ಗಾಯಕ ನಿಲ್ಲಿಸಿದೆಡೆಯಲ್ಲಿ ಮೂರು ಸ್ವರಗಳು ಎದ್ದವು, ಒಂದು ನಿಂತಿತು, ಎರಡು ಏರಿದವು. ಮೇಜಿನ ಕೆಳಗೆ ಮುದುಕರ ಎಡಪಾದ ನೆಲವನ್ನು ಒತ್ತಿದುದನ್ನು ನಾನು ಕಂಡೆ. ಹಾಡು ಮುಗಿಯುವವರೆಗೂ ಅದು ಹುಡುಗನ ಪಾದದ ಜತೆಯಲ್ಲಿಯೇ ಏರಿಳಿಯುತ್ತಿತ್ತು. ಚಪ್ಪಾಳೆಯ ನಡುವೆ ಅವರು ನನ್ನ ಕಡೆಗೆ ಬಾಗಿ, “ಐದನೆಯ ತಂತಿ ಕೂದಲೆಳೆಯಷ್ಟು ಇಳಿದಿದೆ. ನಾಳೆ ಹೇಳುತ್ತೇನೆ” ಎಂದರು.